ಗುಡ್ಡದ ದೇವರ ಆದೇಶಕ್ಕೆ ಒಂದು ಸ್ಪಷ್ಟೀಕರಣ

ನನಗೆ ಅನ್ಯಾಯವಾಗಿದೆ. ಮಾಡಿದವರು ಮೂವರು: ನನ್ನ ಹೆಂಡತಿ ಹೀರಾ, ನಮ್ಮೂರ ಗುಡ್ಡದ ಗುಡಿಯಲ್ಲಿ ಪೂಜೆ ಮಾಡುವ ಪುಂಡಲೀಕ ಗುನಗ, ಮತ್ತು ಆ ಗುಡಿಯ ದೇವರು. ಮೊದಲಿನ ಇಬ್ಬರ ಮೇಲೆ ದೂರು ಕೊಡಬೇಕೆಂದರೆ ಮೂರನೆಯವನ ಹತ್ತಿರವೇ ಹೋಗಬೇಕು. ಮೂರನೆಯವನ ಮೇಲೆ ದೂರು ಕೊಡುವುದಕ್ಕೆ ಜಾಗವೇ ಇಲ್ಲ. ಆದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಾನು ದೇವಿದಾಸ. ಊರು ಹಣಕೋಣ. ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕುರ್ಚಿ ಸವೆಸಿ ಈಗ ಅಧೀಕ್ಷಕನಾಗಿದ್ದೇನೆ. (ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಕೆಲವರಿಗೆ ನನ್ನ ಮುಖ ನೆನಪಾಗಬಹುದು.) ಇಷ್ಟು ವರ್ಷದ ಸೇವೆಯಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ. ಒಂದು ಕಡತವನ್ನು ಬೇಡವೆಂದು ವಾಪಸು ಕಳಿಸಿದರೆ ಅರ್ಜಿದಾರ ಮೇಲ್ಮನವಿ ಹಾಕುತ್ತಾನೆ. ಅದೇ ಕಡತದ ಮೇಲೆ 'ಸ್ಪಷ್ಟೀಕರಣ ಕೋರಿದೆ' ಎಂದು ಬರೆದರೆ ಯಾರೂ ಏನೂ ಮಾಡಲಾರರು. ಕಡತ ಮಲಗುತ್ತದೆ, ನಾವೂ ಮಲಗಬಹುದು. ವಿಚಾರಿಸಲು ಬಂದವರಿಗೆ 'ಪರಿಶೀಲನೆಯಲ್ಲಿದೆ, ನಾಳೆ ಬನ್ನಿ' ಎಂದರೆ ಮುಗಿಯಿತು. ನಾನು ಇದನ್ನು ಒಮ್ಮೆಯೂ ಸಿಟ್ಟಿನಿಂದ ಹೇಳಿದವನಲ್ಲ.

ಕಳೆದ ವರ್ಷ ದೀಪಾವಳಿ ಮುಗಿದ ವಾರ ಡಾಕ್ಟರು ನನ್ನ ರಕ್ತದ ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, ಒರೆಸಿ, ಮೂರನೆಯ ಸಲವೂ ಓದಿದರು. "ಮೂರು ತಿಂಗಳ ಸರಾಸರಿ ಒಂಬತ್ತು ಪಾಯಿಂಟ್ ಎಂಟು. ಮಾತ್ರೆ ಕೊಡ್ತೇನೆ. ಆದರೆ ದಿನಾ ನಲವತ್ತು ನಿಮಿಷ ನಡೀಲೇಬೇಕು. ಇಲ್ಲದಿದ್ದರೆ ಮುಂದಿನ ಸಲ ಇಂಜೆಕ್ಷನ್ನು" ಎಂದರು. ನಾನು ತಲೆಯಾಡಿಸಿದೆ. ಪಕ್ಕದಲ್ಲಿ ಕೂತಿದ್ದ ಹೀರಾ ತಲೆಯಾಡಿಸಲಿಲ್ಲ, ನನ್ನ ಪಾದಗಳನ್ನು ನೋಡುತ್ತಿದ್ದಳು.

ಅದಕ್ಕೆ ಕಾರಣವಿದೆ. ನನ್ನ ತಂದೆಯವರಿಗೂ ಸಕ್ಕರೆ ಕಾಯಿಲೆ ಇತ್ತು. ಬಲಗಾಲ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ್ದು ಹುಣ್ಣಾಗಿ, ಹುಣ್ಣು ಮೇಲಕ್ಕೇರಿ, ಕೊನೆಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಅದಕ್ಕೂ ಮೊದಲಿನ ನಾಲ್ಕು ವರ್ಷ ಆ ಹುಣ್ಣನ್ನು ದಿನಾ ಬಿಸಿನೀರಿನಲ್ಲಿ ತೊಳೆದು ಬಟ್ಟೆ ಕಟ್ಟಿದವಳು ಹೀರಾ. ನಾನು ಆಗ ಕಚೇರಿಗೆ ಹೋಗುತ್ತಿದ್ದೆ.

ಹಾಗೆಂದು ನಾನು ಪ್ರಯತ್ನ ಮಾಡಲಿಲ್ಲವೆಂದಲ್ಲ. ಬೂಟು ತಂದೆ. ಬೂಟಿಗೆ ತಕ್ಕ ಕಾಲುಚೀಲ ತಂದೆ. ಐದೂವರೆಗೆ ಅಲಾರಾಂ ಇಟ್ಟೆ. ಅದನ್ನು ನಿಲ್ಲಿಸುವ ಕೌಶಲ ಎರಡೇ ದಿನದಲ್ಲಿ ಕಣ್ಣು ಮುಚ್ಚಿಕೊಂಡೇ ಬಂದುಬಿಟ್ಟಿತು. ಕಾರವಾರದ ಕಡಲದಂಡೆಯಲ್ಲಿ ನಡೆಯುವ ಸಹೋದ್ಯೋಗಿಗಳ ತಂಡ ಸೇರಿದೆ. ಆ ತಂಡ ಹತ್ತು ನಿಮಿಷ ನಡೆದು ನಲವತ್ತು ನಿಮಿಷ ಬನ್ಸು-ಭಾಜಿ ತಿನ್ನುತ್ತಿತ್ತು. ಅಂಕೋಲೆಗೆ ಮದುವೆ ಮಾಡಿಕೊಟ್ಟ ಮಗಳು ಅಮಿತಾ ದಿನಾ ಬೆಳಗ್ಗೆ ಮೊಬೈಲಿಗೆ ಸೂರ್ಯೋದಯದ ಚಿತ್ರ, ಅದರ ಕೆಳಗೆ ಪ್ರೇರಣೆಯ ಮಾತು ಕಳಿಸತೊಡಗಿದಳು. ಅವು ಎಷ್ಟು ಚೆನ್ನಾಗಿದ್ದವೆಂದರೆ, ಹಾಸಿಗೆಯಲ್ಲಿ ಮಲಗಿ ಅವನ್ನು ಓದುತ್ತಿದ್ದಂತೆ ಹೊರಗೆ ನಿಜವಾದ ಸೂರ್ಯ ಹುಟ್ಟಿ ಬಿಸಿಲೇರುತ್ತಿತ್ತು.

"ಏನ್ರಿ, ಇವತ್ತೂ ಏಳೂದಿಲ್ವಾ?"

"ಪ್ರೇರಣೆ ಬರಲಿಲ್ಲ."

"ಬಂಗಡೆ ಹುರಿಯೂವಾಗ ಎಲ್ಲಿಂದ ಬರ್ತದೆ ಅದು? ಕರೀಲಿಕ್ಕೂ ಬೇಡ, ಅಡುಗೆಮನೆ ಬಾಗಿಲಿಗೇ ಬಂದು ನಿಂತಿರ್ತದೆ!"

"ಹೀರಾ, ಡಾಕ್ಟರು ಹೇಳಿದ್ದು ಸಲಹೆ. ಆದೇಶ ಅಲ್ಲ. ಸಲಹೆಗೂ ಆದೇಶಕ್ಕೂ ವ್ಯತ್ಯಾಸ ಅದೆ."

ಇದು ನಾನು ಆಡಬಾರದಿದ್ದ ಮಾತು. ಹೀರಾ ಸೆರಗಿಗೆ ಕೈ ಒರೆಸಿಕೊಂಡು ನಿಂತಳು. "ಹಾಗಾ? ಆದೇಶ ಬೇಕಾ ನಿಮ್ಗೆ? ಆದೇಶನೇ ತರುವಾ" ಎಂದಳು.

ನಮ್ಮ ಕಡೆ ದೊಡ್ಡ ವಿಷಯಗಳನ್ನು ದೇವರ ಹತ್ತಿರ ಕೇಳಿಯೇ ಮಾಡುವುದು. ಇದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಗುನಗರು ದೇವರ ಮೂರ್ತಿಯ ಎಡಕ್ಕೂ ಬಲಕ್ಕೂ ಒದ್ದೆ ಹೂವು ಅಂಟಿಸಿ ನಮ್ಮ ಪ್ರಶ್ನೆಯನ್ನು ಹೇಳುತ್ತಾರೆ. ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನಮ್ಮ ಬಾವಿ ತೋಡಿದ್ದು, ಅಮಿತಾಳ ಮದುವೆ ನಿಶ್ಚಯಿಸಿದ್ದು ಎಲ್ಲ ಹೀಗೆಯೇ. ಪ್ರಸಾದ ಮೀರಿದವರು ನಮ್ಮ ಮನೆತನದಲ್ಲಿ ಇಲ್ಲ. ನಾನೂ ಮೀರುವವನಲ್ಲ.

ಗುಡಿಗೆ ಹೋಗಲು ಎರಡು ದಾರಿ. ಮುಂದಿನಿಂದ ಇನ್ನೂರ ಹನ್ನೆರಡು ಮೆಟ್ಟಿಲು, ಹಿಂದಿನಿಂದ ಗುಡ್ಡ ಸುತ್ತಿ ಬರುವ ಡಾಂಬರು ರಸ್ತೆ. ಬರಿ ಕೈಮುಗಿಯುವವರು, ಪ್ರಸಾದ ಕೇಳುವವರು ಯಾವ ದಾರಿಯಿಂದಲಾದರೂ ಬರಬಹುದು. ಹರಕೆ ಹೊರುವವರು ಮತ್ತು ಹರಕೆ ಬಿಡಿಸಿಕೊಳ್ಳುವವರು ಮಾತ್ರ ಮೆಟ್ಟಿಲು ಹತ್ತಿಯೇ ಬರಬೇಕು. (ನಾನು ಈ ಜನ್ಮದಲ್ಲಿ ಹರಕೆ ಹೊರದೆ ಇದ್ದುದಕ್ಕೆ ಇದೇ ಕಾರಣ.) ಆ ಭಾನುವಾರ ನಾನು ಸ್ಕೂಟರಿನಲ್ಲಿ ಹಿಂದಿನಿಂದ ಹೋದೆ. ಹೀರಾ ಯಾಕೋ ಮೆಟ್ಟಿಲು ಹತ್ತಿ ಬಂದಳು. ನಾನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

"ಸ್ವಾಮೀ, ದೇವಿದಾಸಬಾಬ ದಿನಾ ನಡೀಬೇಕಾ ಬೇಡವಾ, ಒಂದು ಮಾತು ಹೇಳಿಬಿಡು" ಎಂದು ಪುಂಡಲೀಕ ಶುರುಮಾಡಿದ. 'ಬೇಡವಾ' ಅನ್ನುವಷ್ಟರಲ್ಲಿ ಬಲಗಡೆಯ ಹೂವು ಬಿತ್ತು. ಬಾವಿಯ ವಿಷಯಕ್ಕೆ ಇದೇ ದೇವರು ಒಂದೂವರೆ ತಾಸು ತೆಗೆದುಕೊಂಡಿದ್ದ.

"ನೋಡಿದ್ರಾ?" ಎಂದಳು ಹೀರಾ. "ನೀವು ಹೋಗಿ ಸ್ಕೂಟರ್ ತಿರುಗಿಸಿ. ನಂಗೆ ಪುಂಡಲೀಕನ ಹತ್ರ ಒಂದು ಮಾತದೆ."

ನಾನು ಸ್ಕೂಟರು ತಿರುಗಿಸುತ್ತ ಆಲೋಚಿಸಿದೆ. ಆದೇಶವೇನೋ ಆಗಿದೆ, ಆದರೆ ಅಪೂರ್ಣವಾಗಿದೆ. ಯಾವಾಗ? ಎಷ್ಟು ದೂರ? ಮಳೆಗಾಲಕ್ಕೂ ಅನ್ವಯಿಸುತ್ತದೆಯೇ? ಇಷ್ಟು ಅಸ್ಪಷ್ಟ ಆದೇಶವನ್ನು ಜಾರಿಗೆ ತರುವ ಅಧೀಕ್ಷಕ ಅಧೀಕ್ಷಕನೇ ಅಲ್ಲ. ನನಗೆ ತುಂಬ ದಿನಗಳ ಮೇಲೆ ಮೈಯಲ್ಲಿ ಹುರುಪು ಬಂತು.

ಮುಂದಿನ ಭಾನುವಾರ ಸ್ಕೂಟರಿನಲ್ಲಿ ಹೋಗಿ ಕೇಳಿಸಿದೆ: ನಡಿಗೆಯನ್ನು ಮುಂದಿನ ಯುಗಾದಿಯಿಂದ ಆರಂಭಿಸಿದರೆ ಆದೀತೇ? ಎಡಗಡೆಯ ಹೂವು ಬಿತ್ತು. ಬೇಡ. ಅದರ ಮುಂದಿನ ಭಾನುವಾರ: ಮನೆಯೊಳಗೆ, ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಊಟಕ್ಕೆ, ಹೀಗೆ ನಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಬಹುದೇ? ಪುಂಡಲೀಕ ಪ್ರಶ್ನೆಯನ್ನು ಮೂರು ಸಲ ಹೇಳಿದ. ಎರಡೂ ಹೂವು ಹಾಗೆಯೇ ಅಂಟಿಕೊಂಡು ಕೂತವು. ಒಂದು ತಾಸು ಕಾದೆವು.

"ದೇವರು ಮಾತಾಡೂದಿಲ್ಲ ದೇವಿದಾಸಬಾಬ. ಇಂಥಾ ಪ್ರಶ್ನೆ ಅವಂಗೆ ಯಾರೂ ಕೇಳಿರಲಿಕ್ಕಿಲ್ಲ."

"ಬೇಡ ಅಂತ ಹೇಳಲಿಲ್ಲವಲ್ಲ?"

"ಹೇಳಲಿಲ್ಲ."

"ಹಾಗಾದ್ರೆ ಪರಿಶೀಲನೆಯಲ್ಲಿದೆ" ಎಂದು ನಾನು ಕೈಮುಗಿದು ಇಳಿದು ಬಂದೆ. ಪರಿಶೀಲನೆಯಲ್ಲಿರುವ ವಿಷಯದ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ, ಇದು ನಿಯಮ. ಮನೆಯಲ್ಲಿ ಹೀರಾಳಿಗೆ ಇದನ್ನು ವಿವರಿಸಿದೆ. ಜಗಳಕ್ಕೆ ಸಿದ್ಧನಾಗಿಯೇ ನಿಂತಿದ್ದೆ. ಅವಳು ಜಗಳ ಮಾಡಲಿಲ್ಲ. "ಆಯ್ತು. ಕೈ ತೊಳೀರಿ, ಊಟಕ್ಕೆ ಹಾಕ್ತೇನೆ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಗೆದ್ದ ಮೊದಲ ವಾದ ಇದು. ಆ ದಿನದ ಬಂಗಡೆ ಹುಮಣದ ಸಾರಿಗೆ ತೆಪ್ಪಲ ಕಾಳು ಎಷ್ಟು ಹದವಾಗಿ ಬಿದ್ದಿತ್ತೆಂದರೆ, ದೇವರೂ ನನ್ನ ಕಡೆಗೇ ಇದ್ದಾನೆ ಎನಿಸಿತು.

ಹೀಗೆ ಎರಡು ತಿಂಗಳು ಸುಖವಾಗಿ ಕಳೆಯಿತು. ಬೂಟಿನೊಳಗೆ ಜೇಡ ಸಂಸಾರ ಹೂಡಿತು.

ಜನವರಿ ಕೊನೆಯ ಒಂದು ಭಾನುವಾರ ಹೀರಾ ಅಂಕೋಲೆಗೆ ಮಗಳ ಮನೆಗೆ ಹೋಗಿದ್ದಳು. ಬೆಳಗ್ಗೆ ಮೀನಿನ ಬುಟ್ಟಿ ಹೊತ್ತು ಬೊಮ್ಮಿ ಬಂದಳು. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಮೀನು ಕೊಡುವವಳು ಅವಳೇ. ಯಾವಾಗಲೂ ಹೀರಾಳೇ ಹೊರಗೆ ಹೋಗಿ ಕಿವಿರು ಎತ್ತಿ ನೋಡಿ ತೆಗೆದುಕೊಳ್ಳುವುದು. ಆ ದಿನ ನಾನು ಅಂಗಳಕ್ಕಿಳಿದೆ. ಹೀರಾ ಸಂಜೆ ಬರುವಷ್ಟರಲ್ಲಿ ಮೀನು ತಂದಿಟ್ಟು ಅವಳ ಮೆಚ್ಚುಗೆ ಗಳಿಸೋಣವೆಂದು ನನ್ನ ಯೋಜನೆ.

"ಆರು ಬಂಗಡೆ ಹಾಕು ಬೊಮ್ಮಿ."

ಅವಳು ಮೂರು ತೆಗೆದವಳು ಕೈ ತಡೆದಳು. "ಆರಾ ಸಾಯ್ಬ್ರೆ? ಹೀರಾಬಾಯಿ ಹರಕೆ ಮುಗೀತಾ ಹಾಗಾದ್ರೆ?"

"ಯಾವ ಹರಕೆ?"

ಬೊಮ್ಮಿ ನನ್ನ ಮುಖ ನೋಡಿದಳು. "ಅಯ್ಯೋ ದೇವರೇ, ನಿಮ್ಗೆ ಗೊತ್ತಿಲ್ವಾ? ದೀಪಾವಳಿ ಆದ್ಮೇಲಿಂದ ಬಾಯಿ ಮೀನು ಬಿಟ್ಟಾರಲ್ಲಾ! ನೀವು ನಲವತ್ತೆಂಟು ದಿನ ತಪ್ಪದೆ ನಡೆಯೂವರೆಗೆ ಮುಟ್ಟೂದಿಲ್ಲ ಅಂತ ಗುಡ್ಡದ ದೇವರಿಗೆ ಹೇಳ್ಕಂಡಾರೆ. ಅದ್ಕೇ ಮೂರೇ ತಕಂಬೂದು. ಹೋದ ವಾರ ನೊಗಲಿ ಬಂದಿತ್ತು, ಬೆಳ್ಳಿ ಬೆಳ್ಳಿ ಇತ್ತು. ಕೈಯಾಗೆ ಹಿಡ್ದು ನೋಡಿ ನಿಮ್ಗೆ ಎರಡು ಹಾಕಿಸ್ಕಂಡ್ರು. ನಂಗೇ ಬೇಜಾರಾಯ್ತು."

ಅವಳು ಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ಒಂದು ಸಣ್ಣ ಪಾತ್ರೆ, ಅದರಲ್ಲಿ ಹಿಂದಿನ ದಿನದ ತೊವ್ವೆ. ಹತ್ತಿರ ಉಪ್ಪಿನಕಾಯಿ ಭರಣಿ. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆಯವಳೊಬ್ಬಳು ಬಂಗಾರ ಬಿಟ್ಟಾಳು, ಮೀನು ಬಿಡುವುದು ಸಣ್ಣ ಮಾತಲ್ಲ. ಹೀರಾ ಬಂಗಡೆಯ ತಲೆಯನ್ನು ಒಂದು ಮುಳ್ಳೂ ಬಿಡದೆ ಚೀಪುವವಳು. ಮತ್ತು ಇದೇ ಹೀರಾ ಅರವತ್ತಮೂರು ದಿನ ನನಗೆ ಮೀನು ಹುರಿದು, ಬಡಿಸಿ, ಇನ್ನೊಂದು ಹಾಕಲಾ ಎಂದು ಕೇಳಿ, ನಾನು ಕೈ ತೊಳೆದು ಟೀವಿಯ ಮುಂದೆ ಕೂತ ಮೇಲೆ ಒಳಗೆ ಕೂತು ತೊವ್ವೆ ಉಂಡಿದ್ದಾಳೆ. ನಾನು ಒಮ್ಮೆಯೂ ಅವಳ ತಾಟನ್ನು ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಡಲು ಸರಕಾರಿ ಭಾಷೆಯಲ್ಲಿ ಶಬ್ದ ಹುಡುಕಿದೆ, ಸಿಗಲಿಲ್ಲ.

ಸಂಜೆ ಅವಳು ಬಂದು ಚೀಲ ಕೆಳಗಿಡುವುದರೊಳಗೆ ಕೇಳಿದೆ.

"ನಂಗೆ ಯಾಕೆ ಹೇಳಲಿಲ್ಲ?"

"ಏನಂತ?"

"ಬೊಮ್ಮಿ ಹೇಳಿದಳು."

ಹೀರಾ ಚೀಲವನ್ನು ಕೆಳಗಿಟ್ಟಳು. "ಹೇಳಿದ್ರೆ ನೀವು ಅದಕ್ಕೂ ಸ್ಪಷ್ಟೀಕರಣ ಕೇಳ್ತಿದ್ರಿ. ಸಿಗಡಿ ಮೀನಿನ ಲೆಕ್ಕಕ್ಕೆ ಬರ್ತದಾ, ಒಣಮೀನು ಬರ್ತದಾ ಅಂತ" ಎಂದಳು.

(ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಆಗಲೇ ಬಂದಿತ್ತು.)

"ಆದರೂ ಹೀರಾ, ನನಗೋಸ್ಕರ..."

"ನಿಮಗೋಸ್ಕರ ಅಲ್ಲ, ನನಗೋಸ್ಕರ" ಎಂದಳು. ಅವಳ ದನಿ ಏರಿತು. "ನಿಮ್ಮ ಅಪ್ಪನ ಕಾಲು ನಾಲ್ಕು ವರ್ಷ ತೊಳೆದೆ ನಾನು. ಬಿಸಿನೀರು ಕಾಯಿಸೂವಾಗ ಇವತ್ತಿಗೂ ಆ ವಾಸನೆ ಬರ್ತದೆ. ಆವಾಗ ಮಾಡಿದೆ, ಪ್ರಾಯ ಇತ್ತು. ನಿಮ್ಮ ಕಾಲು ತೊಳೀಲಿಕ್ಕೆ ನನ್ನ ಹತ್ರ ಆಗೂದಿಲ್ಲ. ಆಗೂದೇ ಇಲ್ಲ. ಬೈದೆ, ಕೇಳಲಿಲ್ಲ. ದೇವರ ಹತ್ರ ಹೇಳಿಸಿದೆ, ದೇವರಿಗೇ ಕಾಗದ ಬರೆದ್ರಿ. ಇನ್ನೆಂತ ಮಾಡೂದು? ನನ್ನ ಕೈಯಲ್ಲಿ ಇದ್ದದ್ದು ನನ್ನ ಊಟ ಒಂದೇ."

ನಾನು ಒಳಗೆ ಹೋಗಿ ಮೀನಿನ ಪಾತ್ರೆ ಎತ್ತಿಕೊಂಡೆ. ಆ ಆರು ಬಂಗಡೆಯನ್ನು ಪಕ್ಕದ ಮನೆಗೆ ಕೊಟ್ಟುಬಂದೆ.

ಮರುದಿನ ಅಲಾರಾಂ ಬಡಿಯುವ ಮೊದಲೇ ಎದ್ದೆ. ಬೂಟಿನಿಂದ ಜೇಡವನ್ನು ಹೊರಹಾಕಿ ಕಾಳಿ ನದಿಯ ದಂಡೆಗುಂಟ ನಡೆದೆ. ಮೊದಲ ದಿನ ನಾಯಿಗಳು ಬೊಗಳಿದವು. ನಾಲ್ಕನೆಯ ದಿನ ಮೊಣಕಾಲು ಬೊಗಳಿತು. ಎಂಟನೆಯ ದಿನ ದೋಣಿಯವರು, "ಸಾಯ್ಬ್ರೆ, ಬಸ್ ತಪ್ಪಿತಾ?" ಎಂದು ಕೇಳಿದರು. ಇಪ್ಪತ್ತಮೂರನೆಯ ದಿನ ಮೈಯೆಲ್ಲ ನೋವು, ಹೊರಗೆ ಚಳಿ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆ. ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಒಂದರಿಂದ. ಅಡುಗೆಮನೆಯಲ್ಲಿ ಹೀರಾ ತೊವ್ವೆಗೆ ಬೇಳೆ ತೊಳೆಯುವ ಸದ್ದು ಕೇಳಿತು. ಎದ್ದು ಹೋದೆ. ಪ್ರೇರಣೆ ಎಂದರೆ ಸೂರ್ಯೋದಯದ ಚಿತ್ರವೆಂದು ಅಮಿತಾ ತಿಳಿದಿದ್ದಾಳೆ. ನನ್ನ ಮಟ್ಟಿಗೆ ಅದು ಒಂದು ಪಾವು ತೊಗರಿಬೇಳೆ.

ನಲವತ್ತೆಂಟನೆಯ ದಿನ ಮಾರ್ಚ್ ಮಧ್ಯಕ್ಕೆ ಬಂತು. ಆ ಬೆಳಗ್ಗೆ ಹೀರಾ ಮೆಟ್ಟಿಲು ಹತ್ತಿ ಹೋಗಿ ಹರಕೆ ಒಪ್ಪಿಸಿ ಬಂದಳು. ಬೊಮ್ಮಿ ತಾನಾಗಿಯೇ ನೊಗಲಿ ತಂದಿದ್ದಳು. ನಾನು ಹೀರಾಳನ್ನು ಕೂರಿಸಿ ನಾನೇ ಬಡಿಸಿದೆ. (ಹುರಿದದ್ದೂ ನಾನೇ. ಎರಡು ಕರಕಲಾದವು, ಅವು ನನ್ನ ತಾಟಿಗೆ.) ನೂರಹನ್ನೊಂದು ದಿನದ ಮೇಲೆ ಅವಳು ಮೊದಲ ತುತ್ತು ತಿಂದಳು. ಕಣ್ಣಲ್ಲಿ ನೀರು ಬಂತು. "ಮೆಣಸು ಜಾಸ್ತಿ ಆಯ್ತು" ಎಂದಳು. ಮೆಣಸು ಜಾಸ್ತಿ ಆಗಿರಲಿಲ್ಲ. ಅದೇ ವಾರದ ರಕ್ತದ ವರದಿ ಏಳು ಪಾಯಿಂಟ್ ಎರಡು ಎಂದು ಬಂದಿತ್ತು. ನನಗೆ ನಿಜವಾಗಿ ತುಂಬ ಸಂತೋಷವಾಗಿತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನಲವತ್ತೊಂಬತ್ತನೆಯ ದಿನ ನಾನು ಏಳಲಿಲ್ಲ. ಹರಕೆ ತೀರಿದೆ, ಕಡತ ಮುಕ್ತಾಯವಾಗಿದೆ, ಇನ್ನು ಏಳಲು ಕಾರಣವೇನು? ವಿಶೇಷವೆಂದರೆ ಯಾರೂ ಎಬ್ಬಿಸಲೂ ಇಲ್ಲ. ಎಂಟು ಗಂಟೆಗೆ ನೆಮ್ಮದಿಯಿಂದ ಎದ್ದು, ಅವಲಕ್ಕಿ ತಿಂದು, ರಜೆಯ ದಿನವಾದ್ದರಿಂದ ಪೇಪರು ಓದಿ, ಮಧ್ಯಾಹ್ನ ಊಟಕ್ಕೆ ಕೂತೆ. ಅಡುಗೆಮನೆಯಿಂದ ನೊಗಲಿ ಹುರಿದ ಘಮ ಬರುತ್ತಿತ್ತು. ತಾಟಿಗೆ ತೊವ್ವೆ ಬಿತ್ತು.

"ಮೀನು?"

"ಅದು ನಂಗೆ" ಎಂದಳು ಹೀರಾ, ಎದುರಿಗೆ ಕೂತು ತನ್ನ ತಾಟು ಎಳೆದುಕೊಳ್ಳುತ್ತ. "ನಿನ್ನೆ ಹಳೇ ಹರಕೆ ಒಪ್ಪಿಸಿ ಹೊಸದೊಂದು ಹೇಳ್ಕಂಡೆ. ಇನ್ನು ಮೇಲೆ ನೀವು ಒಂದು ದಿನ ನಡೀದಿದ್ರೆ, ಒಂದು ವಾರ ನಿಮ್ಗೆ ಮೀನಿಲ್ಲ. ಪ್ರಸಾದನೂ ಕೇಳಿದೆ. ಬಲಗಡೆ ಬಿತ್ತು."

"ನನ್ನ ಹೆಸರಲ್ಲಿ ನೀನು ಹರಕೆ ಹೊತ್ತೆಯಾ? ನನಗೆ ನೋಟೀಸೂ ಇಲ್ಲದೆ? ಇದು ಸಹಜ ನ್ಯಾಯಕ್ಕೇ ವಿರುದ್ಧ!"

"ನಂಗೆ ಹೇಳಿ ಏನುಪಯೋಗ? ದೇವರ ಹತ್ರ ಹೋಗಿ ಬಿಡಿಸ್ಕಳ್ಳಿ."

ನಾನು ಎದ್ದು ಸ್ಕೂಟರಿನ ಕೀಲಿಗೆ ಕೈ ಹಾಕಿದೆ.

"ಹರಕೆ ವಿಷಯ ಅಲ್ವಾ" ಎಂದಳು ಹೀರಾ ಮುಳ್ಳು ಬಿಡಿಸುತ್ತ. "ಮೆಟ್ಟಿಲು."

ಆ ಬಿಸಿಲಿನಲ್ಲಿ ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ಮಾತಾಡಲಾರದೆ ಗುಡಿಯ ಕಂಬ ಹಿಡಿದು ನಿಂತೆ. ಪುಂಡಲೀಕ ನೀರು ಕೊಟ್ಟ. "ಊಟ ಮಾಡಿ ಬಂದ್ರಾ? ಹರಕೆ ಬಿಡಿಸೂದಾದ್ರೆ ಖಾಲಿ ಹೊಟ್ಟೇಲಿ, ಬೆಳಿಗ್ಗೆ ಪೂಜೆಗೆ ಮುಂಚೆ ಬರ್ಬೇಕು ದೇವಿದಾಸಬಾಬ. ನಾಳೆ ಬನ್ನಿ" ಎಂದ.

ಮರುದಿನ ಬೆಳಗಿನ ಆರಕ್ಕೆ ಹತ್ತಿದೆ. ಪುಂಡಲೀಕ ಹೂವು ಅಂಟಿಸಿ ಹೇಳಿದ: "ಸ್ವಾಮೀ, ಹೀರಾ ವೈನಿ ಹೊತ್ತ ಹರಕೆಯಿಂದ ದೇವಿದಾಸಬಾಬನ್ನ ಬಿಡ್ತೀಯಾ ಇಲ್ವಾ?" ಅರ್ಧ ತಾಸು ಕಳೆಯಿತು. ಎಡದ್ದೂ ಬೀಳಲಿಲ್ಲ, ಬಲದ್ದೂ ಬೀಳಲಿಲ್ಲ.

"ಬಿಡೂದಿಲ್ಲ ಅಂತ ಹೇಳಲಿಲ್ಲ" ಎಂದ ಪುಂಡಲೀಕ, ದೀಪದ ಬತ್ತಿ ಸರಿಮಾಡುತ್ತ. ಅವನ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. "ಪರಿಶೀಲನೆಯಲ್ಲಿ ಇದ್ದ ಹಾಗೆ ಕಾಣ್ತದೆ. ನಾಳೆ ಬನ್ನಿ."

ಇದಾಗಿ ಎಂಟು ತಿಂಗಳಾಯಿತು. ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಪಾಚಿ ಕಟ್ಟಿತ್ತು, ಕೊಡೆ ಹಿಡಿದು ಹತ್ತಿದೆ. ನನ್ನ ಅರ್ಜಿಯ ಮೇಲೆ ದೇವರು ಇನ್ನೂ ಅಭಿಪ್ರಾಯ ತಿಳಿಸಿಲ್ಲ. ದಿನಾ ಹೋಗಿಬರುವುದು ನಡಿಗೆಯ ಲೆಕ್ಕಕ್ಕೇ ಸೇರುತ್ತದೆಂದು ಹೀರಾ ಒಪ್ಪಿದ್ದರಿಂದ ಮೀನಿಗೆ ತೊಂದರೆಯಾಗಿಲ್ಲ. ಹೋದ ತಿಂಗಳು ಸಕ್ಕರೆ ಆರು ಪಾಯಿಂಟ್ ಮೂರಕ್ಕೆ ಇಳಿದಿದೆ. ರಾತ್ರಿ ಮಲಗುವ ಮೊದಲು ಹೀರಾ ನನ್ನ ಪಾದ ಎರಡನ್ನೂ ದೀಪಕ್ಕೆ ಹಿಡಿದು ಬೆರಳ ಸಂದಿಯವರೆಗೆ ನೋಡುತ್ತಾಳೆ, ಏನೂ ಇಲ್ಲವೆಂದು ಕಂಡ ಮೇಲೆ ದೀಪ ಆರಿಸುತ್ತಾಳೆ.

ಕಚೇರಿಯಲ್ಲಿ ಈಗ ಯಾರಾದರೂ ಕಡತ ವಿಚಾರಿಸಲು ಬಂದರೆ ನಾನು ಮೊದಲಿನಂತೆಯೇ ಬಾಯಿ ತೆರೆಯುತ್ತೇನೆ. ಆಮೇಲೆ ಅವರ ಕಾಲಿನ ಕಡೆ ನೋಡುತ್ತೇನೆ, ಎಷ್ಟು ಮೆಟ್ಟಿಲು ಹತ್ತಿ ಬಂದಿದ್ದಾರೋ ಎಂದು. ನಮ್ಮ ಕಚೇರಿ ಇರುವುದು ಮೂರನೆಯ ಮಹಡಿಯಲ್ಲಿ. ಕಡತ ತೆಗೆದು ಅಲ್ಲೇ ಸಹಿ ಹಾಕಿಕೊಡುತ್ತೇನೆ.